ಮುಳ್ಳಿನದಲ್ಲ ತಪ್ಪು, ಅರ್ತಿಂಗಿನದು

ಅಂಬಾಸಿಡರ್, ಪದ್ಮಿನಿ, ಹೆರಾಲ್ಡ್‌ನಂಥ ಹಳೆಯ ಕಾರುಗಳ ಡ್ಯಾಶ್‌ಬೋರ್ಡ್ ಹೇಳುವ ಸುಳ್ಳುಗಳಿಗೂ ಒಂದು ಕ್ರಮವಿದೆ. ಅದು ಗೊತ್ತಾದರೆ ಮೀಟರ್ ಬದಲಿಸುವ ಖರ್ಚು ಬಹುಪಾಲು ಉಳಿಯುತ್ತದೆ.

ಹಳೆಯ ಕಾರು ಇಟ್ಟುಕೊಂಡವರು ಪೆಟ್ರೋಲ್ ಮೀಟರನ್ನು ನಂಬುವುದು ಕಡಿಮೆ. ಟ್ಯಾಂಕ್ ತುಂಬಿಸಿಕೊಂಡು ಬಂದರೂ ಮುಳ್ಳು ಅರ್ಧದಲ್ಲೇ ನಿಂತಿರುತ್ತದೆ. ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಸರಿಯಾಗಿ ಕುಣಿಯುತ್ತದೆ. ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮೀಟರ್ ಮೇಲೇರಿ, ಇಂಜಿನ್ ಕುದಿಯುತ್ತಿದೆಯೆಂದು ಹೆದರಿಸುತ್ತದೆ. ಹೀಗಾಗಿ ಮಾಲೀಕರು ಓಡಿದ ಕಿಲೋಮೀಟರ್ ಲೆಕ್ಕ ಹಾಕಿ ಪೆಟ್ರೋಲ್ ತುಂಬಿಸಿಕೊಳ್ಳುತ್ತಾರೆ. ಸ್ಪೀಡೊಮೀಟರ್ ಕೇಬಲ್ ತುಂಡಾದರೆ ಆ ಲೆಕ್ಕವೂ ಹೋಯಿತು.

ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಮೀಟರ್ ಹೋಗಿದೆ ಸಾರ್, ಬೇರೆ ಹಾಕಬೇಕು.’ ಬೇರೆ ಮೀಟರಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿ, ಗುಜರಿಯಲ್ಲಿ ತಡಕಾಡಿ, ಕೇಳಿದಷ್ಟು ಕೊಟ್ಟು ತಂದು ಹಾಕಿದ್ದಾಯಿತು. ಹೊಸ ಮೀಟರೂ ಅದೇ ಸುಳ್ಳು ಹೇಳುತ್ತದೆ. ಡ್ಯಾಶ್‌ಬೋರ್ಡಿನ ಮೀಟರ್ ಅಷ್ಟು ಸುಲಭಕ್ಕೆ ಕೆಡುವ ವಸ್ತುವಲ್ಲ ಎಂಬುದು ಇದಕ್ಕೆ ಕಾರಣ. ಒಳಗೆ ಒಂದು ಸುರುಳಿ, ಒಂದು ಲೋಹದ ಪಟ್ಟಿ, ಒಂದು ಮುಳ್ಳು, ಇಷ್ಟೇ. ಗಾಜಿನ ಹಿಂದೆ ಬೆಚ್ಚಗೆ ಕುಳಿತಿರುವ ಅದಕ್ಕೆ ಮಳೆ, ಕೆಸರು, ಇಂಜಿನ್ ಶಾಖ ಯಾವುದೂ ತಾಗುವುದಿಲ್ಲ. ಅವೆಲ್ಲ ತಾಗುವುದು ಪೆಟ್ರೋಲ್ ಮಟ್ಟ ಅಳೆಯಲು ಟ್ಯಾಂಕಿನ ಮೇಲಿರುವ ಯೂನಿಟ್‌ಗೆ, ಇಂಜಿನ್ನಿಗೆ ತಿರುಗಿಸಿದ ಸೆನ್ಸರಿಗೆ, ಕರೆಂಟ್ ವಾಪಸಾಗಲೆಂದು ಚಾಸಿಗೆ ಬಿಗಿದ ಅರ್ತ್ ವೈರಿಗೆ. ತಪ್ಪು ಹುಡುಕುವುದನ್ನು ಅಲ್ಲಿಂದ ಶುರುಮಾಡಬೇಕು. ಮೀಟರನ್ನು ಎಲ್ಲಕ್ಕಿಂತ ಕೊನೆಗೆ ಅನುಮಾನಿಸಬೇಕು.

ಬರ್ಮಿಂಗ್‌ಹ್ಯಾಮಿನ ಬಣ್ಣಗಳು

ನಮ್ಮ ರಸ್ತೆಗಳನ್ನು ದಶಕಗಟ್ಟಲೆ ಆಳಿದ ಕಾರುಗಳು ಎರಡು ಮನೆತನದವು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಸಂತಾನ. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್‌ನದೇ ರೂಪ. ಮುಂಬೈಯ ಕುರ್ಲಾದಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ ಮಾತ್ರ ಇಟಲಿಯ ಫಿಯೆಟ್ 1100ರ ಕಡೆಯದು. ವೈರಿಂಗಿನ ಸಂಪ್ರದಾಯವೂ ಇದೇ ರೀತಿ ಎರಡಾಗಿ ಬಂತು.

ಬ್ರಿಟಿಷ್ ಕಾರುಗಳ ವಿದ್ಯುತ್ ಭಾಗಗಳು ಹೆಚ್ಚಾಗಿ ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪನಿಯವು, ಮೀಟರುಗಳು ಸ್ಮಿತ್ಸ್ ಕಂಪನಿಯವು. ಕಾರು ಕತ್ತಲಲ್ಲಿ ಕೈಕೊಟ್ಟಾಗ ಬ್ರಿಟಿಷರು ಲ್ಯೂಕಾಸನ್ನು ‘ಕತ್ತಲೆಯ ರಾಜಕುಮಾರ’ ಎಂದು ಗೇಲಿ ಮಾಡುತ್ತಿದ್ದರು. ಆದರೆ ಹಳೆಯ ಕಾರು ರಿಪೇರಿ ಮಾಡುವವರಿಗೆ ಲ್ಯೂಕಾಸ್ ಬಿಟ್ಟುಹೋದ ದೊಡ್ಡ ಉಪಕಾರವೊಂದಿದೆ. ಅದು ವೈರಿನ ಬಣ್ಣದ ಲೆಕ್ಕ. ಯಾವ ಬಣ್ಣದ ವೈರ್ ಯಾವ ಕೆಲಸಕ್ಕೆ ಎಂಬುದು ಒಂದು ಮಾದರಿಯಿಂದ ಇನ್ನೊಂದಕ್ಕೆ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಮೊದಲ ಸಲ ನೋಡುತ್ತಿರುವ ಕಾರಿನಲ್ಲೂ ದಾರಿ ಸಿಗುತ್ತದೆ.

*ಬಣ್ಣ ನೋಡಿ ದಾರಿ ಹಿಡಿಯಿರಿ*

• ಕಂದು: ಬ್ಯಾಟರಿಯಿಂದ ನೇರ ಬಂದದ್ದು. ಕೀ ತೆಗೆದರೂ ಕರೆಂಟ್ ಇರುತ್ತದೆ, ಫ್ಯೂಸ್ ಇರುವುದಿಲ್ಲ.
• ನೇರಳೆ: ಸದಾ ಕರೆಂಟ್ ಇರುವ, ಫ್ಯೂಸ್ ದಾಟಿ ಬಂದ ವೈರ್.
• ಬಿಳಿ: ಕೀ ಆನ್ ಮಾಡಿದಾಗ ಮಾತ್ರ ಕರೆಂಟ್.
• ಹಸಿರು: ಕೀ ಮತ್ತು ಫ್ಯೂಸ್ ಎರಡನ್ನೂ ದಾಟಿ ಬಂದದ್ದು. ಮೀಟರ್, ಇಂಡಿಕೇಟರ್, ವೈಪರ್, ಬ್ರೇಕ್ ಲೈಟುಗಳಿಗೆ.
• ತಿಳಿ ಹಸಿರು: ಸ್ಟೆಬಿಲೈಸರಿನಿಂದ (ಅದರ ವಿವರ ಮುಂದಿದೆ) ಮೀಟರುಗಳಿಗೆ.
• ಹಸಿರಿನ ಮೇಲೆ ಕಪ್ಪು ಗೆರೆ: ಪೆಟ್ರೋಲ್ ಟ್ಯಾಂಕಿನ ಯೂನಿಟ್‌ಗೆ.
• ಹಸಿರಿನ ಮೇಲೆ ನೀಲಿ ಗೆರೆ: ಟೆಂಪರೇಚರ್ ಸೆನ್ಸರಿಗೆ.
• ನೀಲಿ: ಹೆಡ್‌ಲೈಟ್. ಕೆಂಪು: ಪಾರ್ಕಿಂಗ್ ಮತ್ತು ಟೇಲ್ ಲೈಟ್.
• ಕಪ್ಪು: ಅರ್ತ್.

ಕಾರ್ಖಾನೆಯಿಂದ ಬಂದಾಗಿನ ಲೆಕ್ಕ ಇದು. ಆಮೇಲೆ ನಾಲ್ಕಾರು ಕೈ ಬದಲಾದ ಕಾರಿನಲ್ಲಿ ಸಿಕ್ಕಿದ ಬಣ್ಣದ ವೈರ್ ಸಿಕ್ಕಿದ ಕಡೆ ಸೇರಿಕೊಂಡಿರುತ್ತದೆ. ಹಾರ್ನ್ ರಿಪೇರಿಗೆ ಒಬ್ಬರು ಹಳದಿ ವೈರ್ ಎಳೆದಿರುತ್ತಾರೆ, ಟೇಪ್‌ರೆಕಾರ್ಡರ್ ಕೂರಿಸಲು ಇನ್ನೊಬ್ಬರು ಮನೆ ವೈರಿಂಗಿನ ಕೆಂಪು ವೈರ್ ಸುತ್ತಿರುತ್ತಾರೆ. ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕುವ ಮುನ್ನ ಒಂದು ಫೋಟೊ ತೆಗೆದಿಟ್ಟುಕೊಂಡು, ಕಳಚುವ ಪ್ರತಿ ವೈರಿಗೂ ಚೀಟಿ ಅಂಟಿಸುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆಯೂ ಬೇಕು. ಕಂದು ವೈರಿಗೆ ಫ್ಯೂಸ್ ಇಲ್ಲದ ಕಾರಣ, ಮೀಟರಿನ ಹಿಂದೆ ಸ್ಕ್ರೂಡ್ರೈವರ್ ಜಾರಿ ಅದಕ್ಕೂ ಬಾಡಿಗೂ ತಾಗಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಅದರಲ್ಲೇ ಹರಿಯುತ್ತದೆ. ಕೆಲವೇ ಸೆಕೆಂಡಿನಲ್ಲಿ ಇಡೀ ಕಟ್ಟು ಹೊಗೆಯಾಡುತ್ತದೆ. ಕಳಚುವ, ಬಿಗಿಯುವ ಕೆಲಸವೇನಿದ್ದರೂ ಬ್ಯಾಟರಿಯ ಅರ್ತ್ ಟರ್ಮಿನಲ್ ಬಿಚ್ಚಿದ ಮೇಲೆ. ಪರೀಕ್ಷೆಗಷ್ಟೇ ಮತ್ತೆ ಹಾಕಿಕೊಳ್ಳಬೇಕು. ಯಾವ ಟರ್ಮಿನಲ್ ಅರ್ತ್ ಎಂಬುದನ್ನೂ ನೋಡಿಕೊಳ್ಳಬೇಕು. 1960ರ ದಶಕದ ನಡುವಿನವರೆಗೆ ಬಂದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಸೇರುತ್ತಿದ್ದದ್ದು ಬ್ಯಾಟರಿಯ ಪಾಸಿಟಿವ್.

ಸುಳ್ಳು ಹೇಳುತ್ತಿರುವುದು ಒಂದೋ, ಎರಡೋ?

ಇಡೀ ತಪಾಸಣೆಯ ಕೀಲಿ ಇರುವುದು ಈ ಪ್ರಶ್ನೆಯಲ್ಲಿ. ಪೆಟ್ರೋಲ್ ಮೀಟರ್ ಒಂದೇ ತಪ್ಪು ತೋರಿಸುತ್ತಿದ್ದರೆ ತೊಂದರೆ ಅದರದೇ ದಾರಿಯಲ್ಲಿದೆ: ಟ್ಯಾಂಕಿನ ಯೂನಿಟ್, ಅದರ ವೈರ್, ಅದರ ಅರ್ತ್. ಪೆಟ್ರೋಲ್ ಮತ್ತು ಟೆಂಪರೇಚರ್ ಎರಡೂ ಒಟ್ಟಿಗೆ ತಪ್ಪು ತೋರಿಸುತ್ತಿದ್ದರೆ, ಎರಡಕ್ಕೂ ಸಾಮಾನ್ಯವಾದದ್ದು ಯಾವುದು ಎಂದು ನೋಡಬೇಕು. ಎರಡೂ ಪೂರ್ತಿ ಸತ್ತಿದ್ದರೆ ಇಂಡಿಕೇಟರ್, ವೈಪರ್ ಹಾಕಿ ನೋಡಿ. ಬ್ರಿಟಿಷ್ ಕಾರುಗಳಲ್ಲಿ ಇವೆಲ್ಲ ಒಂದೇ ಹಸಿರು ವೈರಿನ ಮಕ್ಕಳು. ಇಂಡಿಕೇಟರೂ ಉರಿಯದಿದ್ದರೆ ಫ್ಯೂಸ್ ಹೋಗಿದೆ. ಡ್ಯಾಶ್‌ಬೋರ್ಡ್ ಬಿಚ್ಚದೆಯೇ ಅರ್ಧ ಕೆಲಸ ಮುಗಿಯಿತು.

ಇಂಡಿಕೇಟರ್ ಉರಿಯುತ್ತದೆ, ಮೀಟರುಗಳೆರಡೂ ಮಾತ್ರ ಒಟ್ಟಿಗೆ ಹೆಚ್ಚು ಅಥವಾ ಒಟ್ಟಿಗೆ ಕಡಿಮೆ ತೋರಿಸುತ್ತಿವೆ ಎಂದಾದರೆ ಅನುಮಾನ ಸ್ಟೆಬಿಲೈಸರ್ ಮೇಲೆ. ಮೀಟರ್ ಬೋರ್ಡಿನ ಹಿಂದೆ ಒಂದೇ ಸ್ಕ್ರೂನಲ್ಲಿ ನಿಂತಿರುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ತಗಡಿನ ಡಬ್ಬಿ ಅದು. ಬ್ಯಾಟರಿಯ ವೋಲ್ಟೇಜ್ ಒಂದೇ ಸಮ ಇರುವುದಿಲ್ಲ. ಇಂಜಿನ್ ನಿಂತಾಗ 12ರ ಆಸುಪಾಸು, ಡೈನಮೊ ಚಾರ್ಜ್ ಮಾಡುವಾಗ 14ರ ಆಸುಪಾಸು. ಅದನ್ನು ನೇರವಾಗಿ ಮೀಟರಿಗೆ ಕೊಟ್ಟರೆ ಆಕ್ಸಿಲರೇಟರ್ ತುಳಿದಾಗಲೆಲ್ಲ ಪೆಟ್ರೋಲ್ ಹೆಚ್ಚಾದಂತೆ ಕಾಣುತ್ತದೆ. ಹಾಗಾಗಬಾರದೆಂದು ಸ್ಟೆಬಿಲೈಸರ್ ಸರಾಸರಿ 10 ವೋಲ್ಟ್ ಮಾತ್ರ ಆಚೆ ಬಿಡುತ್ತದೆ.

ಅದು ಕೆಲಸ ಮಾಡುವ ಬಗೆ ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟಿನದೇ. ಎರಡು ಲೋಹ ಬೆಸೆದ ಪಟ್ಟಿಯೊಂದಕ್ಕೆ ಸಣ್ಣ ಹೀಟರ್ ತಂತಿ ಸುತ್ತಿರುತ್ತದೆ. ತಂತಿ ಬಿಸಿಯಾದರೆ ಪಟ್ಟಿ ಬಾಗಿ ಸಂಪರ್ಕ ಕಡಿಯುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ಹೀಗೆ ಬಿಟ್ಟು ಬಿಟ್ಟು ಕೊಡುವ 12 ವೋಲ್ಟ್, ಸರಾಸರಿಯಲ್ಲಿ 10 ಆಗುತ್ತದೆ. ಇದರ ಜತೆಗಿರುವ ಮೀಟರುಗಳೂ ಇಂಥದೇ ಪಟ್ಟಿಯ ಮೇಲೆ ನಡೆಯುವುದರಿಂದ ಮುಳ್ಳು ನಿಧಾನಕ್ಕೆ ಚಲಿಸುತ್ತದೆ. ಆ ಬಿಟ್ಟು ಬಿಟ್ಟು ಬರುವ ಕರೆಂಟ್ ಮುಳ್ಳಿನಲ್ಲಿ ಕಾಣಿಸುವುದಿಲ್ಲ.

ಈ ಡಬ್ಬಿಯ ಹೀಟರ್ ತಂತಿಗೆ ಅರ್ತ್ ಸಿಗುವುದು ಅದರ ಮೈಯಿಂದ, ಮೈಗೆ ಅರ್ತ್ ಸಿಗುವುದು ಆ ಒಂದು ಸ್ಕ್ರೂನಿಂದ. ಸ್ಕ್ರೂ ಸಡಿಲವಾದರೆ, ಅದರ ಕೆಳಗೆ ಬಣ್ಣವೋ ತುಕ್ಕೋ ಇದ್ದರೆ ಹೀಟರ್ ಬಿಸಿಯಾಗುವುದೇ ಇಲ್ಲ. ಸಂಪರ್ಕ ಕಡಿಯದೆ ಪೂರ್ತಿ ಬ್ಯಾಟರಿ ವೋಲ್ಟೇಜ್ ಮೀಟರುಗಳಿಗೆ ಹೋಗುತ್ತದೆ. ಟ್ಯಾಂಕ್ ತುಂಬಿದೆ ಎನ್ನುತ್ತದೆ ಒಂದು ಮುಳ್ಳು, ಇಂಜಿನ್ ಕಾದಿದೆ ಎನ್ನುತ್ತದೆ ಇನ್ನೊಂದು. ಎರಡು ಮೀಟರ್ ಬದಲಿಸಿದರೂ ಇದು ಸರಿಹೋಗದು. ಸ್ಕ್ರೂ ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಬಿಗಿದರೆ ಸರಿಹೋಗುತ್ತದೆ.

ಅನುಭವಿ ಆಟೊ ಎಲೆಕ್ಟ್ರೀಷಿಯನ್ ಒಬ್ಬರು ಇದನ್ನು ಪರೀಕ್ಷಿಸುವುದನ್ನು ಹತ್ತಿರದಿಂದ ನೋಡಿದ್ದೇನೆ. ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ತಲೆಯನ್ನು ಕ್ಲಚ್ ಪೆಡಲ್ ಪಕ್ಕ ತೂರಿಸಿಕೊಂಡರು. ಕೈಯಲ್ಲಿದ್ದದ್ದು ಒಂದು ಹೋಲ್ಡರ್, 5 ವ್ಯಾಟಿನ ಬಲ್ಬ್, ಎರಡು ವೈರ್. ಒಂದು ತುದಿ ಬಾಡಿಗೆ, ಇನ್ನೊಂದು ಸ್ಟೆಬಿಲೈಸರಿನ ‘ಐ’ ಟರ್ಮಿನಲ್‌ಗೆ. ಬಲ್ಬ್ ಹತ್ತಿತು, ಆರಿತು, ಮತ್ತೆ ಹತ್ತಿತು. ‘ಡಬ್ಬಿ ಸರಿಯಾಗಿದೆ, ಬೇರೆ ಕಡೆ ನೋಡೋಣ’ ಎಂದು ಎದ್ದು ಕುಳಿತರು. ಅದೇ ಜಾಗಕ್ಕೆ ಡಿಜಿಟಲ್ ಮಲ್ಟಿಮೀಟರ್ ಹಿಡಿದಿದ್ದರೆ ಸೊನ್ನೆಗೂ ಹನ್ನೆರಡಕ್ಕೂ ನಡುವೆ ಅಂಕಿಗಳು ಜಿಗಿದಾಡಿ ತಲೆ ಕೆಡಿಸುತ್ತಿದ್ದವು. ಬಲ್ಬ್ ಮಿನುಗದೆ ಒಂದೇ ಸಮ ಉರಿದರೆ ಡಬ್ಬಿಗೆ ಅರ್ತ್ ಇಲ್ಲ ಅಥವಾ ಒಳಗಿನ ಸಂಪರ್ಕ ಅಂಟಿಕೊಂಡಿದೆ. ಉರಿಯಲೇ ಇಲ್ಲವೆಂದರೆ ‘ಬಿ’ ಟರ್ಮಿನಲ್‌ಗೆ ಕರೆಂಟ್ ಬರುತ್ತಿದೆಯೇ ನೋಡಬೇಕು.

ಟ್ಯಾಂಕಿನ ಕಡೆಯಿಂದ ಬನ್ನಿ

ಪೆಟ್ರೋಲ್ ಮೀಟರ್ ಒಂದೇ ತಪ್ಪಿದ್ದರೆ ಡ್ಯಾಶ್‌ಬೋರ್ಡ್ ಮುಟ್ಟದೆ ಕಾರಿನ ಹಿಂಭಾಗಕ್ಕೆ ಹೋಗಿ. ಟ್ಯಾಂಕಿನ ಯೂನಿಟ್ ಎಂದರೆ ಒಂದು ಫ್ಲೋಟ್, ಅದಕ್ಕೆ ಒಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ರೆಸಿಸ್ಟೆನ್ಸ್ ತಂತಿಯ ಮೇಲೆ ಜಾರುವ ಒಂದು ಸಂಪರ್ಕ. ಪೆಟ್ರೋಲ್ ಏರಿಳಿದಂತೆ ರೆಸಿಸ್ಟೆನ್ಸ್ ಬದಲಾಗಿ ಮುಳ್ಳು ಸರಿಯುತ್ತದೆ. ಯೂನಿಟ್‌ನಿಂದ ವೈರ್ ಕಳಚಿ, ಕೀ ಆನ್ ಮಾಡಿ ಮೀಟರ್ ನೋಡುವುದು ಮೊದಲ ಪರೀಕ್ಷೆ. ಆಮೇಲೆ ಆ ವೈರಿನ ತುದಿಯನ್ನು ಯೂನಿಟ್‌ನಿಂದ ದೂರದಲ್ಲಿ, ಕ್ಷಣಕಾಲ ಮಾತ್ರ ಬಾಡಿಗೆ ತಾಗಿಸಿ ನೋಡುವುದು ಎರಡನೆಯದು. ಟ್ಯಾಂಕಿನ ಬಾಯಿ ತೆರೆದಿರುವಾಗ ಇದನ್ನು ಮಾಡಲೇಬಾರದು, ಒಂದು ಕಿಡಿ ಸಾಕು.

ಇಲ್ಲಿ ಎಷ್ಟೋ ಮಂದಿ ಎಡವುತ್ತಾರೆ. ಸ್ಟೆಬಿಲೈಸರ್ ಇರುವ ಮೀಟರಿನಲ್ಲಿ ವೈರ್ ಬಿಚ್ಚಿದರೆ ಮುಳ್ಳು ಖಾಲಿಗೆ ಇಳಿಯಬೇಕು, ಬಾಡಿಗೆ ತಾಗಿಸಿದರೆ ತುಂಬಿದ ಕಡೆಗೆ ಏರಬೇಕು. ಮಾರಿಸ್ ಮೈನರ್, ಮಾರಿಸ್ ಆಕ್ಸ್‌ಫರ್ಡ್ ಕಾಲದ ಎರಡು ಸುರುಳಿಯ ಹಳೆಯ ಮೀಟರಿನಲ್ಲಿ ಎಲ್ಲ ತಿರುಗುಮುರುಗು: ವೈರ್ ಬಿಚ್ಚಿದರೆ ಟ್ಯಾಂಕ್ ತುಂಬಿದಂತೆ ತೋರಿಸುತ್ತದೆ, ಬಾಡಿಗೆ ತಾಗಿಸಿದರೆ ಖಾಲಿ. ನಿಮ್ಮ ಕಾರಿನದು ಯಾವುದೆಂದು ತಿಳಿಯಲು ಕೀ ತಿರುಗಿಸಿ ಮುಳ್ಳನ್ನು ನೋಡಿ. ಥಟ್ಟನೆ ನೆಗೆದು ನಿಂತರೆ ಸುರುಳಿಯದು, ಸಾವಕಾಶವಾಗಿ ಏರಿದರೆ ಪಟ್ಟಿಯದು. ಒಂದರ ಯೂನಿಟ್ ಇನ್ನೊಂದರ ಮೀಟರಿಗೆ ಹೊಂದುವುದಿಲ್ಲ. ನಮ್ಮಲ್ಲಿ ಬ್ರಿಟಿಷ್ ಮಾದರಿಯ ಮೀಟರುಗಳ ಜತೆಗೆ 1970ರ ದಶಕದಿಂದ ಕೊಯಮತ್ತೂರಿನ ಪ್ರಿಕಾಲ್‌ನಂಥ ದೇಶಿ ತಯಾರಿಕೆಗಳೂ ಸೇರಿಕೊಂಡವು. ಗುಜರಿಯಲ್ಲಿ ಸಿಕ್ಕಿದ ಯೂನಿಟ್ ತೂತುಗಳಿಗೆ ಸರಿಯಾಗಿ ಕೂತಿತೆಂದು ಬಿಗಿದರೆ ಸಾಲದು. ಫ್ಲೋಟ್ ಕೆಳಗಿದ್ದಾಗ ಎಷ್ಟು ಓಮ್, ಮೇಲಿದ್ದಾಗ ಎಷ್ಟು ಓಮ್ ಎಂದು ಹಳೆಯದರ ಜತೆ ಅಳೆದು ಹೋಲಿಸಬೇಕು.

ಎರಡು ಪರೀಕ್ಷೆಗೂ ಮೀಟರ್ ಸರಿಯಾಗಿ ಓಗೊಟ್ಟರೆ ಮೀಟರ್, ವೈರ್ ಎರಡೂ ಗಟ್ಟಿ. ಉಳಿದದ್ದು ಯೂನಿಟ್ ಮತ್ತು ಅದರ ಅರ್ತ್. ಯೂನಿಟ್‌ನ ಮೈಯಿಂದ ಚಾಸಿಗೆ ತಾತ್ಕಾಲಿಕವಾಗಿ ಒಂದು ವೈರ್ ಎಳೆದು ನೋಡಿ. ಮುಳ್ಳು ಸರಿಯಾದರೆ ತುಕ್ಕು ಹಿಡಿದ ಟ್ಯಾಂಕಿನ ಬೋಲ್ಟುಗಳೇ ಅಪರಾಧಿ. ‘ಪೇಂಟ್ ಹೊಡೆಸಿದ ಮೇಲೆಯೇ ಮೀಟರ್ ಕೆಟ್ಟಿತು’ ಎಂದು ಹಲವರು ಗೊಣಗುವುದರ ಗುಟ್ಟೂ ಇದೇ. ಅಂದಕ್ಕೆಂದು ಟ್ಯಾಂಕಿನ ಸುತ್ತ ದಪ್ಪಗೆ ಬಳಿದ ಬಣ್ಣ ಅರ್ತನ್ನು ಮುಚ್ಚಿಬಿಡುತ್ತದೆ.

ಕೊನೆಗೆ ಫ್ಲೋಟ್. ಹಿತ್ತಾಳೆಯದಾದರೆ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ, ಮುಳುಗಿದ ಫ್ಲೋಟ್ ಸದಾ ಖಾಲಿ ಎನ್ನುತ್ತದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ತೂತಿರುವ ಕಡೆ ಗುಳ್ಳೆ ಏಳುತ್ತದೆ. ಒಳಗಿನ ಪೆಟ್ರೋಲ್ ಪೂರ್ತಿ ಆರುವವರೆಗೆ ಬೆಸುಗೆ ಕಡ್ಡಿ ಹತ್ತಿರ ತರಬೇಡಿ. ಇನ್ನೂ ಹಳೆಯ ಕಾರುಗಳಲ್ಲಿ ಫ್ಲೋಟ್ ಬೆಂಡಿನದು, ಮೇಲೆ ಅರಗಿನ ಲೇಪ. ಇದಕ್ಕೆ ಈಗ ಹೊಸ ಶತ್ರು ಬಂದಿದೆ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಎಥನಾಲ್ ಒಂದು ಬಗೆಯ ಆಲ್ಕೊಹಾಲ್. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ, ಲೇಪ ಹೋದ ಬೆಂಡು ಪೆಟ್ರೋಲ್ ಹೀರಿ ಭಾರವಾಗುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ಟ್ಯಾಂಕಿಗೂ ಯೂನಿಟ್‌ನ ತಂತಿಗೂ ತುಕ್ಕು ಹಿಡಿಯುತ್ತದೆ. ಬೆಂಡಿನ ಫ್ಲೋಟ್ ಇದ್ದವರು ಹಿತ್ತಾಳೆಯದಕ್ಕೆ ಬದಲಾಯಿಸಿಕೊಳ್ಳುವುದು ಕ್ಷೇಮ.

ಟೆಂಪರೇಚರ್ ಮೀಟರಿನ ಪರೀಕ್ಷೆಯೂ ಇದೇ ತರಹದ್ದು. ಇಂಜಿನ್ ಬಿಸಿಯಾದಂತೆ ಸೆನ್ಸರಿನ ರೆಸಿಸ್ಟೆನ್ಸ್ ಇಳಿಯುತ್ತದೆ, ಅದರ ಅರ್ತ್ ಬರುವುದು ಇಂಜಿನ್ನಿಗೆ ತಿರುಗಿಸಿದ ಮರೆಯಿಂದ, ಅಂದರೆ ಥ್ರೆಡ್ಡಿನಿಂದ. ನೀರು ಸೋರದಿರಲೆಂದು ಮರೆಯ ಮೇಲೆ ಪ್ಲಂಬರ್ ಬಳಸುವ ಬಿಳಿ ಟೇಪನ್ನು ಧಾರಾಳವಾಗಿ ಸುತ್ತಿದರೆ ಅರ್ತ್ ತಪ್ಪಿ, ಇಂಜಿನ್ ಕುದಿಯುತ್ತಿದ್ದರೂ ಮುಳ್ಳು ತಣ್ಣಗಿರುತ್ತದೆ. ಪೆಟ್ರೋಲ್ ಮೀಟರ್ ಸುಳ್ಳು ಹೇಳಿದರೆ ದಾರಿಯಲ್ಲಿ ನಿಲ್ಲುತ್ತೀರಿ, ಅಷ್ಟೇ. ಟೆಂಪರೇಚರ್ ಮೀಟರ್ ಸುಳ್ಳು ಹೇಳಿದರೆ ಸಿಲಿಂಡರ್ ಹೆಡ್ಡೇ ಹೋಗುತ್ತದೆ.

ಹಿಂದಿರುಗುವ ದಾರಿ

ಕರೆಂಟ್ ಬ್ಯಾಟರಿಯಿಂದ ಹೊರಟರೆ ಸಾಲದು, ವಾಪಸು ಬರಬೇಕು. ಹಳೆಯ ಕಾರಿನಲ್ಲಿ ಆ ವಾಪಸು ದಾರಿ ಬಾಡಿಯೇ. ಐವತ್ತು ವರ್ಷದ ಬಾಡಿಯಲ್ಲಿ ತುಕ್ಕು, ಬಣ್ಣ, ಪುಟ್ಟಿ, ಬೆಸುಗೆ ಎಲ್ಲ ಇರುತ್ತವೆ. ಮಲೆನಾಡಿನ ಮಳೆ, ಕರಾವಳಿಯ ಉಪ್ಪುಗಾಳಿಯಲ್ಲಿ ಬಾಳಿದ ಕಾರಾದರೆ ತಾಮ್ರದ ತುದಿಗಳಿಗೆಲ್ಲ ಹಸಿರು ಕಿಲುಬು ಹಿಡಿದಿರುತ್ತದೆ.

ಒಂದನ್ನು ಹಾಕಿದರೆ ಇನ್ನೊಂದು ಬದಲಾಗುವುದು ಅರ್ತ್ ದುರ್ಬಲವಾಗಿರುವುದರ ಲಕ್ಷಣ. ಬ್ರೇಕ್ ತುಳಿದರೆ ಟೇಲ್ ಲೈಟ್ ಮಂಕಾಗುವುದು, ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಮುಳ್ಳು ಕುಣಿಯುವುದು, ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮೀಟರ್ ಸರಿಯುವುದು, ಎಲ್ಲಕ್ಕೂ ಮೂಲ ಒಂದೇ. ಸರಿಯಾದ ದಾರಿ ಸಿಗದ ಕರೆಂಟ್ ಪಕ್ಕದವರ ದಾರಿಯಲ್ಲಿ ನುಗ್ಗುತ್ತದೆ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಅದಕ್ಕೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಇರಲೇಬೇಕು. ಗೇರ್‌ಬಾಕ್ಸ್ ಇಳಿಸಿ ಏರಿಸುವಾಗ ಅದನ್ನು ಹಾಕಲು ಮರೆಯುವುದುಂಟು. ಆಗ ಸ್ಟಾರ್ಟರಿನ ನೂರಾರು ಆಂಪಿಯರ್ ಕರೆಂಟ್ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್‌ಗಳ ಮೂಲಕ ಹಿಂದಿರುಗುತ್ತದೆ. ಸ್ಟಾರ್ಟ್ ಮಾಡಿದಾಗ ಚೋಕ್ ಕೇಬಲ್ ಬಿಸಿಯಾದರೆ ಆ ಪಟ್ಟಿಯನ್ನು ಹುಡುಕಿ.

ಅರ್ತ್ ಪರೀಕ್ಷೆಗೆ ಮಲ್ಟಿಮೀಟರ್ ಬೇಕು. ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಅರ್ತ್ ಟರ್ಮಿನಲ್‌ಗೆ, ಇನ್ನೊಂದನ್ನು ಲೈಟಿನ ಅರ್ತ್ ವೈರಿಗೆ ಹಿಡಿಯಿರಿ. 0.2 ವೋಲ್ಟಿನ ಒಳಗಿದ್ದರೆ ಚೆನ್ನಾಗಿದೆ. 0.5 ದಾಟಿದರೆ ಬಿಚ್ಚಿ, ಉಜ್ಜಿ, ವ್ಯಾಸಲೀನ್ ಸವರಿ ಬಿಗಿಯಬೇಕು. ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕೆಂಬುದು ಮುಖ್ಯ. ಒಂದೇ ಎಳೆ ಉಳಿದ ವೈರಿನಲ್ಲೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ, ಆ ಎಳೆಯಿಂದ ಬಲ್ಬ್ ಮಾತ್ರ ಸರಿಯಾಗಿ ಉರಿಯದು. ಮಲ್ಟಿಮೀಟರ್ ಬಂದು ಎಷ್ಟು ಕಾಲವಾದರೂ ಹಳಬರು ಟೆಸ್ಟ್ ಲ್ಯಾಂಪ್ ಬಿಡದಿರುವುದು ಇದಕ್ಕೇ.

ಮೀಟರ್ ಬೋರ್ಡನ್ನು ಪೂರ್ತಿ ಹೊರಗೆಳೆದು ಪರೀಕ್ಷಿಸುವವರಿಗೆ ಇನ್ನೊಂದು ಮಾತು. ಬೋರ್ಡಿನ ಬಲ್ಬುಗಳಿಗೂ ಸ್ಟೆಬಿಲೈಸರಿಗೂ ಅರ್ತ್ ಸಿಗುವುದು ಬೋರ್ಡ್ ಡ್ಯಾಶ್‌ಬೋರ್ಡಿಗೆ ಬಿಗಿದಿದ್ದಾಗ ಮಾತ್ರ. ಮಡಿಲಲ್ಲಿಟ್ಟುಕೊಂಡು ನೋಡಿದರೆ ಎಲ್ಲವೂ ಕೆಟ್ಟಂತೆ ಕಾಣುತ್ತದೆ. ಬೋರ್ಡಿನಿಂದ ಬಾಡಿಗೆ ಒಂದು ವೈರ್ ಕೊಟ್ಟುಕೊಂಡು ಪರೀಕ್ಷೆ ಶುರುಮಾಡಿ.

ಸಿಗರೇಟು ಹಾಳೆಯ ಫ್ಯೂಸ್

ಫ್ಯೂಸ್ ಹೋದಾಗ ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ ತುರುಕುವುದು ಹಳೆಯ ಹೆದ್ದಾರಿ ವಿದ್ಯೆ. ಊರು ತಲುಪುವಷ್ಟಕ್ಕೆ ಸರಿ ಎಂದುಕೊಂಡದ್ದು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಆಮೇಲೆ ಎಲ್ಲೋ ವೈರ್ ಉಜ್ಜಿ ಬಾಡಿಗೆ ತಾಗಿದರೆ ಫ್ಯೂಸಿನ ಬದಲು ವೈರೇ ಸುಡುತ್ತದೆ.

ಹೊಸ ಫ್ಯೂಸ್ ಹಾಕುವಾಗಲೂ ಒಂದು ಬಲೆ ಇದೆ. ಲ್ಯೂಕಾಸಿನ ಗಾಜಿನ ಫ್ಯೂಸಿನ ಮೇಲೆ 35 ಆಂಪಿಯರ್ ಎಂದು ಬರೆದಿದ್ದರೆ, ಅದು ಸುಟ್ಟುಹೋಗುವ ಮಟ್ಟ. ನಿರಂತರ ತಾಳುವುದು ಸುಮಾರು 17. ಈಗಿನ ಬ್ಲೇಡ್ ಫ್ಯೂಸ್ ಮೇಲೆ ಬರೆದಿರುವುದು ನಿರಂತರ ತಾಳುವ ಮಟ್ಟ. 35 ಇದ್ದ ಜಾಗಕ್ಕೆ ಈಗಿನ 35 ಹಾಕಿದರೆ ರಕ್ಷಣೆ ಅರ್ಧಕ್ಕಿಳಿಯಿತು. ಅಲ್ಲಿಗೆ 15ರದು ಸಾಕು. ಪದ್ಮಿನಿಯ ಇಟಾಲಿಯನ್ ಮಾದರಿಯ ಪಿಂಗಾಣಿ ಫ್ಯೂಸುಗಳ ತೊಂದರೆ ಬೇರೆ. ಫ್ಯೂಸ್ ಚೆನ್ನಾಗಿರುತ್ತದೆ, ಅದನ್ನು ಹಿಡಿದಿರುವ ಕ್ಲಿಪ್ಪಿಗೆ ಕಾರ್ಬನ್ ಕೂತಿರುತ್ತದೆ. ಬೆರಳಲ್ಲಿ ಫ್ಯೂಸನ್ನು ಒಂದು ಸುತ್ತು ತಿರುಗಿಸಿದರೆ ಸತ್ತ ಮೀಟರ್ ಎದ್ದು ಕೂರುತ್ತದೆ. ಅದು ಕೆಲ ದಿನದ ಮದ್ದು, ಕ್ಲಿಪ್ಪನ್ನು ಉಜ್ಜಿ ಬಿಗಿ ಮಾಡುವುದೇ ಶಾಶ್ವತ ಪರಿಹಾರ.

ಹಳೆಯ ವೈರಿಂಗನ್ನು ನಮ್ಮಲ್ಲಿ ಹೆಚ್ಚು ಸುಟ್ಟದ್ದು ಹೆಡ್‌ಲೈಟ್ ಮೋಹ. 45 ವ್ಯಾಟಿನ ಎರಡು ಬಲ್ಬ್ ಎಳೆಯುವುದು ಸುಮಾರು ಏಳೂವರೆ ಆಂಪಿಯರ್. ಹೆದ್ದಾರಿಯಲ್ಲಿ ಬೆಳಕು ಸಾಲದೆಂದು 100 ವ್ಯಾಟಿನ ಹ್ಯಾಲೋಜನ್ ಹಾಕಿದರೆ ಹದಿನಾರು ದಾಟುತ್ತದೆ. ಅಷ್ಟೂ ಕರೆಂಟ್ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹೋಗಬೇಕು. ಸ್ವಿಚ್ ಕಾದು, ವೈರಿನ ಪಿವಿಸಿ ಮೆತ್ತಗಾಗಿ, ಪಕ್ಕದ ಮೀಟರ್ ವೈರುಗಳನ್ನೂ ಅಂಟಿಸಿಕೊಂಡು ಕರಗುತ್ತದೆ. ಹೆಚ್ಚು ಬೆಳಕು ಬೇಕಿದ್ದರೆ ಬಾನೆಟ್ ಕೆಳಗೆ ಫ್ಯೂಸ್ ಸಮೇತ ಎರಡು ರಿಲೇ ಹಾಕಿಸಿ. ಆಗ ಸ್ವಿಚ್ಚಿನ ಮೂಲಕ ಹೋಗುವುದು ರಿಲೇ ಎಳೆಯುವಷ್ಟು ಅಲ್ಪ ಕರೆಂಟ್ ಮಾತ್ರ.

ವೈರ್ ಬದಲಿಸುವಾಗ ಎಳೆಗಳ ಲೆಕ್ಕ ನೋಡಿ. 0.30 ಮಿಲಿಮೀಟರಿನ 14 ಎಳೆಯ ವೈರ್ ಸುಮಾರು 8 ಆಂಪಿಯರ್ ತಾಳುತ್ತದೆ, ಮೀಟರುಗಳಿಗೆ ಧಾರಾಳವಾಯಿತು. ಹೆಡ್‌ಲೈಟಿಗೆ 28 ಎಳೆಯದು ಬೇಕು. ಮನೆ ವೈರಿಂಗಿನ ಒಂಟಿ ಎಳೆಯ ಗಟ್ಟಿ ತಂತಿ ಕಾರಿಗೆ ಆಗದು, ಅಲುಗಾಟಕ್ಕೆ ಮುರಿಯುತ್ತದೆ. ಇನ್ಸುಲೇಷನ್ ಟೇಪ್ ನಾಲ್ಕು ಬೇಸಿಗೆ ಕಳೆದರೆ ಅಂಟಾಗಿ ಜಾರುತ್ತದೆ, ಒತ್ತಿ ಕೂರಿಸುವ ತುದಿಗಳ ಮೇಲೆ ಹೀಟ್‌ಶ್ರಿಂಕ್ ಕೊಳವೆ ಹಾಕಿಸಿ. ಬಟ್ಟೆ ಹೆಣೆದ ರಬ್ಬರ್ ವೈರಿಂಗ್ ಇರುವ ಕಾರಾದರೆ ತೇಪೆ ಹಾಕುತ್ತ ಕೂರಬೇಡಿ. ಬಾಗಿಸಿದಾಗ ರಬ್ಬರ್ ಪುಡಿಯಾಗಿ ಉದುರಿದರೆ ಪೂರ್ತಿ ಕಟ್ಟನ್ನೇ ಬದಲಿಸುವ ಕಾಲ ಬಂದಿದೆ.

ಕುಣಿಯುವ ಮುಳ್ಳು, ಆರದ ಕೆಂಪು ದೀಪ

ಸ್ಪೀಡೊಮೀಟರಿಗೆ ಕರೆಂಟಿನ ಹಂಗಿಲ್ಲ. 1902ರಲ್ಲಿ ಜರ್ಮನಿಯ ಒಟ್ಟೊ ಶುಲ್ಟ್ಸೆ ಪೇಟೆಂಟ್ ಪಡೆದ ತತ್ತ್ವವೇ ಇದರಲ್ಲೂ ಇದೆ. ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದು ಮುಟ್ಟದೆಯೇ ಅಲ್ಯೂಮಿನಿಯಂ ಬಟ್ಟಲೊಂದನ್ನು ಎಳೆಯುತ್ತದೆ, ಕೂದಲೆಳೆಯ ಸ್ಪ್ರಿಂಗ್ ಹಿಂದಕ್ಕೆಳೆಯುತ್ತದೆ. ಎರಡೂ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಮುಳ್ಳು ಕುಣಿದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಚೂಪಾಗಿ ಬಾಗಿದೆ. ಕೇಬಲಿಗೆ ಗ್ರೀಸ್ ಹಚ್ಚುವಾಗ ಮೇಲಿನ ಮೂರನೇ ಒಂದು ಭಾಗ ಬಿಡಿ. ಇಲ್ಲದಿದ್ದರೆ ಗ್ರೀಸ್ ಏರಿ ಬಟ್ಟಲಿಗೆ ಅಂಟಿ, ನಿಧಾನಕ್ಕೆ ಹೋದರೂ ಮುಳ್ಳು ನೂರು ತೋರಿಸುತ್ತದೆ. ಮುಳ್ಳು ಸತ್ತು ಕಿಲೋಮೀಟರ್ ಅಂಕಿ ಮಾತ್ರ ಓಡುತ್ತಿದ್ದರೆ ಕೇಬಲ್ ಸರಿಯಿದೆ, ಮೀಟರನ್ನೇ ಬಿಚ್ಚಬೇಕು. ಮೀಟರ್ ನಿಜವಾಗಿ ತಪ್ಪಿತಸ್ಥ ಆಗುವ ಕೆಲವೇ ಸಂದರ್ಭಗಳಲ್ಲಿ ಇದೊಂದು.

ಇಗ್ನಿಷನ್ನಿನ ಕೆಂಪು ದೀಪ ಒಂದು ಕಡೆ ಬ್ಯಾಟರಿಗೆ, ಇನ್ನೊಂದು ಕಡೆ ಡೈನಮೊಗೆ ಸೇರಿದೆ. ಎರಡೂ ಕಡೆ ವೋಲ್ಟೇಜ್ ಸಮವಾದರೆ ಆರುತ್ತದೆ. ಓಡುವಾಗ ಮಂಕಾಗಿ ಮಿಣುಕುತ್ತಿದ್ದರೆ ಡೈನಮೊ ಸತ್ತಿದೆ ಎಂದು ಇಳಿಸುವ ಮುನ್ನ ಫ್ಯಾನ್ ಬೆಲ್ಟಿನ ಬಿಗಿ, ಕಟ್‌ಔಟ್ ಪೆಟ್ಟಿಗೆಯ ಟರ್ಮಿನಲ್, ಇಗ್ನಿಷನ್ ಸ್ವಿಚ್ಚಿನ ಸಂಪರ್ಕ ನೋಡಿ. ಡೈನಮೊ ಕಾರಿನಲ್ಲಿ ಈ ಬಲ್ಬ್ ಸುಟ್ಟರೂ ಚಾರ್ಜ್ ಆಗುತ್ತದೆ. ಆಲ್ಟರ್ನೇಟರ್ ಹಾಕಿದ ಎಷ್ಟೋ ಕಾರುಗಳಲ್ಲಿ ಈ ಬಲ್ಬಿನ ಮೂಲಕವೇ ಆಲ್ಟರ್ನೇಟರ್ ಎಚ್ಚರಗೊಳ್ಳುವುದರಿಂದ, ಬಲ್ಬ್ ಸುಟ್ಟರೆ ಚಾರ್ಜಿಂಗ್ ಸಹ ನಿಲ್ಲಬಹುದು. ಬದಲಿಗೆ ಎಲ್‌ಇಡಿ ಹಾಕಬೇಡಿ.

ಮೂಲ ರೂಪ ಉಳಿಯಲಿ

2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಅಕ್ಷರಗಳ ನಂಬರ್ ಪಡೆಯಬಹುದು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳನ್ನು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ನೋಡಿದವರಿಗೆ, ಹಳೆಯ ಡಯಲ್ ಹಳೆಯದಾಗಿಯೇ ಉಳಿಯುವುದರ ಬೆಲೆ ಗೊತ್ತು. ಮೂಲ ಮೀಟರುಗಳನ್ನು ಕಿತ್ತು ಡಿಜಿಟಲ್ ಪರದೆ ಕೂರಿಸುವುದು ಸುಲಭ, ಕಿತ್ತದ್ದನ್ನು ಮತ್ತೆ ಹುಡುಕುವುದು ಕಷ್ಟ. ಬದಲಾವಣೆ ಬೇಕೇ ಬೇಕಿದ್ದರೆ ಕಣ್ಣಿಗೆ ಕಾಣದ ಕಡೆ ಮಾಡಿ. ಹಳೆಯ ಸ್ಟೆಬಿಲೈಸರಿನ ತಗಡು ಡಬ್ಬಿಯೊಳಗೆ 10 ವೋಲ್ಟಿನ 7810 ರೆಗ್ಯುಲೇಟರ್ ಚಿಪ್ ಕೂರಿಸಬಹುದು, ಹೊರಗಿನಿಂದ ವ್ಯತ್ಯಾಸವೇ ತಿಳಿಯದು. ನೆಗೆಟಿವ್ ಅರ್ತ್ ಕಾರಿಗೆ ಮಾತ್ರ ಅದು ಹೊಂದುತ್ತದೆ ಎಂಬುದು ನೆನಪಿರಲಿ.

ಹಳೆಯ ಕಾರು ಇಟ್ಟುಕೊಂಡವರಲ್ಲಿ ಕೇಳಿಕೊಳ್ಳುವುದು ಇಷ್ಟು. ಅಳೆಯದೆ ಯಾವುದನ್ನೂ ಬದಲಿಸಬೇಡಿ. ಮೊದಲು ಫ್ಯೂಸ್, ಆಮೇಲೆ ಅರ್ತ್, ಆಮೇಲೆ ಸ್ಟೆಬಿಲೈಸರ್, ಆಮೇಲೆ ಯೂನಿಟ್, ಕಟ್ಟಕಡೆಗೆ ಮೀಟರ್. ಬ್ಯಾಟರಿಗೆ ಕಟ್‌ಆಫ್ ಸ್ವಿಚ್ ಒಂದನ್ನು ಹಾಕಿಸಿ, ಬೆಂಕಿ ಆರಿಸುವ ಸಣ್ಣ ಸಿಲಿಂಡರೊಂದನ್ನು ಸೀಟಿನ ಕೆಳಗಿಡಿ. ವೈರಿಂಗಿನಲ್ಲಿ ಏನೇ ಬದಲಿಸಿದರೂ ಯಾವ ಬಣ್ಣದ ವೈರ್ ಎಲ್ಲಿಂದ ಎಲ್ಲಿಗೆ ಎಂದು ಒಂದು ಹಾಳೆಯಲ್ಲಿ ಬರೆದು ಕಾರಿನ ಕಾಗದಪತ್ರಗಳ ಜತೆಗಿಡಿ. ನಿಮ್ಮ ನಂತರ ಆ ಕಾರನ್ನು ಓಡಿಸುವವರಿಗೆ ಹೊಸ ಮೀಟರಿಗಿಂತ ಆ ಹಾಳೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.